ನೂಲು ಕಡಿಯುವುದೇಕೆ? ಗಿರಣಿಯ ಒಂದು ಸಣ್ಣ ಕೊಕ್ಕೆಯ ವಿಚಾರ

ನೂಲು ಕಡಿದುಹೋದರೆ ಸಾಮಾನ್ಯವಾಗಿ ದೋಷವು ಎರಡರಲ್ಲಿ ಒಂದರ ಮೇಲೆ ಬೀಳುವುದು. ಹತ್ತಿ ಒಳ್ಳೆಯದಲ್ಲವೆಂದು ಕೆಲವರು ಹೇಳುವರು. ಹುಡುಗಿಯ ಕೈಗೆ ಹದವಿಲ್ಲವೆಂದು ಉಳಿದವರು ಹೇಳುವರು. ನೂಲಿಗೂ ಕೈಗೂ ನಡುವೆ ಮೂರನೆಯದೊಂದು ಉಂಟೆಂಬುದನ್ನು ನೆನೆಯುವವರು ವಿರಳ. ಅದು ಯಾವುದೆಂದರೆ, ನೂಲು ಹಾದುಹೋಗುವ ದಾರಿ. ಗಿರಣಿಗಳಲ್ಲಿ ಆ ದಾರಿಯನ್ನು ಕಾಯುವುದಕ್ಕೆ ಒಂದು ಬಾಗಿದ ತಂತಿ ಇರುವುದು. ಇಂಗ್ಲಿಷಿನಲ್ಲಿ ಅದಕ್ಕೆ ಥ್ರೆಡ್ ಗೈಡ್ ಎಂದು ಹೆಸರು. ಹಂದಿಯ ಬಾಲದಂತೆ ಸುರುಳಿಯಾಗಿರುವುದರಿಂದ ಪಿಗ್‌ಟೇಲ್ ಎಂದೂ ಕರೆಯುವರು. ಈ ಲೇಖನದಲ್ಲಿ ನಾವು ಅದನ್ನು ನೂಲುಗೊಕ್ಕೆಯೆಂದು ಕರೆಯುವೆವು. ಈ ಅಲ್ಪ ವಸ್ತುವನ್ನು ಜನರು ಹೇಗೆ ಸುಧಾರಿಸಿದರು, ಆ ಸುಧಾರಣೆಯಿಂದ ಯಾರಿಗೆ ಏನು ಲಾಭವಾಯಿತು ಎಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಅವರ ತಾಯ್ತಂದೆಗಳಿಗೂ ತಿಳಿಯಹೇಳುವುದೇ ನಮ್ಮ ಉದ್ದೇಶ.

ರಾಟೆಯನ್ನಾಗಲಿ ತಕಲಿಯನ್ನಾಗಲಿ ಹಿಡಿದು ನೂತವರಿಗೆ ಮೊದಲನೆಯ ಮಾತು ಸುಲಭವಾಗಿ ತಿಳಿಯುವುದು. ನೂಲುವುದರಲ್ಲಿ ಮೂರು ಕೆಲಸಗಳುಂಟು: ಹಂಜಿಯಿಂದ ಎಳೆಯನ್ನು ತೆಳ್ಳಗೆ ಎಳೆಯುವುದು, ಅದಕ್ಕೆ ಹುರಿ ಕೊಡುವುದು, ಹುರಿಯಾದ ನೂಲನ್ನು ಸುತ್ತಿಡುವುದು. ರಾಟೆಯಲ್ಲಿ ನೂಲುವಾಕೆಯು ಎಳೆಯನ್ನು ಕದಿರಿನ ತುದಿಯಿಂದ ಓರೆಯಾಗಿ ಹಿಡಿದಾಗ ಹುರಿ ಏರುವುದು. ಬಳಿಕ ಕೈಯನ್ನು ಪಕ್ಕಕ್ಕೆ ತಂದಾಗ ನೂಲು ಕದಿರಿಗೆ ಸುತ್ತಿಕೊಳ್ಳುವುದು. ಅಂದರೆ ಹುರಿ ಕೊಡುವ ಕೆಲಸವೂ ಸುತ್ತುವ ಕೆಲಸವೂ ಒಂದಾದ ಮೇಲೊಂದು ನಡೆಯುವುವು. ಈ ನಡುವೆ ಎಳೆಯ ಬಿಗುವು ಹೆಚ್ಚಿತೋ ಕಡಿಮೆಯಾಯಿತೋ ಎಂದು ಆಕೆಯ ಹೆಬ್ಬೆರಳೂ ತೋರುಬೆರಳೂ ಕ್ಷಣಕ್ಷಣಕ್ಕೆ ಅರಿತು ತಿದ್ದಿಕೊಳ್ಳುವುವು. ಮನುಷ್ಯರ ಮೊದಲನೆಯ ನೂಲುಗೊಕ್ಕೆಯು ಈ ಎರಡು ಬೆರಳುಗಳೇ ಎಂದರೆ ತಪ್ಪಾಗದು.

ಇಂಗ್ಲೆಂಡಿನ ಸ್ಯಾಮ್ಯುಅಲ್ ಕ್ರಾಂಪ್ಟನ್ ಎಂಬಾತನು ೧೭೭೯ರಲ್ಲಿ ರಚಿಸಿದ ಮ್ಯೂಲ್ ಎಂಬ ಯಂತ್ರವು ನೂರಾರು ಕದಿರುಗಳನ್ನು ಒಟ್ಟಿಗೆ ತಿರುಗಿಸಿದರೂ ರಾಟೆಯ ಕ್ರಮವನ್ನೇ ಹಿಡಿದಿತ್ತು: ಮೊದಲು ಎಳೆದು ಹುರಿಮಾಡುವುದು, ಆಮೇಲೆ ಸುತ್ತುವುದು. ಅಮೆರಿಕದ ಪ್ರಾವಿಡೆನ್ಸ್ ಪಟ್ಟಣದ ಜಾನ್ ಥಾರ್ಪ್ ಎಂಬಾತನು ೧೮೨೮ರಲ್ಲಿ ರಿಂಗ್ ಯಂತ್ರಕ್ಕೆ ಪೇಟೆಂಟು ಪಡೆದನು. ಇದರಲ್ಲಿ ಹುರಿಯೂ ಸುತ್ತುವಿಕೆಯೂ ಏಕಕಾಲದಲ್ಲಿ, ಎಡೆಬಿಡದೆ ನಡೆಯುವುವು. ಲ್ಯಾಂಕಶೈರಿನ ಗಿರಣಿಗಳವರು ಬಹುಕಾಲ ಮ್ಯೂಲನ್ನೇ ನೆಚ್ಚಿಕೊಂಡಿದ್ದಾಗ, ನಮ್ಮ ದೇಶದಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ೧೮೭೭ರಲ್ಲಿ ನಾಗಪುರದಲ್ಲಿ ತೆರೆದ ಎಂಪ್ರೆಸ್ ಗಿರಣಿಯಲ್ಲಿ ರಿಂಗ್ ಕದಿರುಗಳನ್ನು ಪರೀಕ್ಷಿಸಿ ಬಳಕೆಗೆ ತಂದರು. ಘಟಪ್ರಭಾ ನದಿಯ ನೀರಿನ ಬಲವನ್ನು ನಂಬಿ ಗೋಕಾಕದ ಜಲಪಾತದ ಬಳಿಯಲ್ಲಿ ಹುಟ್ಟಿದ ನೂಲಿನ ಗಿರಣಿಯೂ ಹತ್ತೊಂಬತ್ತನೆಯ ಶತಮಾನದ್ದೇ. ಇಂದಿಗೂ ಲೋಕದ ಹತ್ತಿಯ ನೂಲಿನಲ್ಲಿ ಬಹುಭಾಗ ರಿಂಗ್ ಯಂತ್ರದಿಂದಲೇ ಬರುವುದು.

ಈ ಯಂತ್ರದ ರಚನೆಯನ್ನು ಮೇಲಿನಿಂದ ಕೆಳಕ್ಕೆ ನೋಡೋಣ. ಎಲ್ಲಕ್ಕೂ ಮೇಲೆ ಅಲ್ಪವಾಗಿ ಹುರಿಗೊಂಡ ದಪ್ಪ ಎಳೆಯ ಉಂಡೆ ತೂಗಾಡುವುದು. ಅದು ಜೋಡಿ ಜೋಡಿ ಉರುಳೆಗಳ ನಡುವೆ ಇಳಿಯುವುದು. ಮುಂದಿನ ಉರುಳೆಗಳು ಹಿಂದಿನವುಗಳಿಗಿಂತ ಬೇಗ ತಿರುಗುವುದರಿಂದ ಎಳೆಯು ತೆಳುವಾಗುವುದು. ಉರುಳೆಗಳಿಂದ ಹೊರಬಿದ್ದ ಎಳೆಯು ನೂಲುಗೊಕ್ಕೆಯ ಕಣ್ಣಿನಲ್ಲಿ ಹಾದು ಕೆಳಗಿಳಿಯುವುದು. ಅಲ್ಲಿ ಕದಿರಿನ ಸುತ್ತಲೂ ಒಂದು ಉಕ್ಕಿನ ಉಂಗುರ. ಆ ಉಂಗುರದ ಅಂಚನ್ನು ಕಚ್ಚಿಕೊಂಡು ಓಡುವ ಟ್ರಾವೆಲರ್ ಎಂಬ ಅತಿ ಚಿಕ್ಕ ಕೊಂಡಿ. ನೂಲು ಆ ಕೊಂಡಿಯಲ್ಲಿ ಹಾದು ಕದಿರಿನ ಮೇಲಿರುವ ಬಾಬಿನ್ನಿಗೆ ಸುತ್ತಿಕೊಳ್ಳುವುದು. ಕದಿರು ತಿರುಗಿದಾಗ ನೂಲೇ ಕೊಂಡಿಯನ್ನು ಎಳೆದುಕೊಂಡು ಉಂಗುರದ ಸುತ್ತ ಓಡಿಸುವುದು; ಕೊಂಡಿಯ ಒಂದೊಂದು ಸುತ್ತಿಗೆ ನೂಲಿಗೆ ಒಂದೊಂದು ಹುರಿ. ಕೊಂಡಿಯು ಕದಿರಿಗಿಂತ ಸ್ವಲ್ಪ ಹಿಂದೆ ಬೀಳುವುದರಿಂದ, ಆ ಹಿಂದೆ ಬಿದ್ದಷ್ಟು ಸುತ್ತುಗಳು ನೂಲನ್ನು ಸುತ್ತಿಡುವುದಕ್ಕೆ ಒದಗುವುವು.

ಲೆಕ್ಕ ಬಲ್ಲವರಿಗಾಗಿ ಒಂದು ಉದಾಹರಣೆ. ಕದಿರು ನಿಮಿಷಕ್ಕೆ ೨೦,೦೦೦ ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ; ಇಂದಿನ ಯಂತ್ರಗಳಿಗೆ ಇದು ಅತಿಶಯವಲ್ಲ. ಉಂಗುರದ ವ್ಯಾಸ ೩೮ ಮಿಲಿಮೀಟರ್ ಆದರೆ, ಆ ಕೊಂಡಿಯು ಸೆಕೆಂಡಿಗೆ ಸುಮಾರು ೪೦ ಮೀಟರ್, ಅಂದರೆ ಗಂಟೆಗೆ ೧೪೦ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುವುದು. ೪೦ನೆಯ ನಂಬರಿನ ನೂಲಿಗೆ ಅಂಗುಲಕ್ಕೆ ಸುಮಾರು ೨೫ ಹುರಿ ಬೇಕಾಗುವುದರಿಂದ, ಇಷ್ಟೆಲ್ಲ ಓಟಕ್ಕೆ ನಿಮಿಷಕ್ಕೆ ದೊರೆಯುವ ನೂಲು ೨೦ ಮೀಟರ್ ಮಾತ್ರ. ೪೦ನೆಯ ನಂಬರೆಂದರೆ ೮೪೦ ಗಜದ ೪೦ ಲಡಿಗಳು ಕೂಡಿ ಒಂದು ಪೌಂಡು ತೂಗುವುದೆಂದರ್ಥ. ಹಾಗಾದರೆ ಒಂದು ಪೌಂಡು ನೂಲು ತುಂಬುವುದಕ್ಕೆ ಒಂದು ಕದಿರು ಒಂದು ಹಗಲು ಒಂದು ರಾತ್ರಿಗಿಂತಲೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲದೆ ತಿರುಗಬೇಕು. ಆ ೩೩,೬೦೦ ಗಜದ ನೂಲೆಲ್ಲವೂ ನಮ್ಮ ನೂಲುಗೊಕ್ಕೆಯ ಕಣ್ಣಿನಲ್ಲಿಯೇ ಹಾದುಹೋಗಬೇಕು.

ಇಷ್ಟು ವೇಗದಲ್ಲಿ ಸುತ್ತುವ ನೂಲು ನೆಟ್ಟಗೆ ನಿಲ್ಲದು. ಹಗ್ಗದಾಟದಲ್ಲಿ ತಿರುಗಿಸಿದ ಹಗ್ಗವು ನಡುವೆ ಉಬ್ಬುವಂತೆ ಇದೂ ಹೊರಕ್ಕೆ ಉಬ್ಬಿ, ನೋಡುವವರ ಕಣ್ಣಿಗೆ ಒಂದು ಗಾಜಿನ ಬುರುಡೆಯಂತೆ ತೋರುವುದು. ಗಿರಣಿಯವರು ಇದನ್ನು ಬಲೂನು ಎನ್ನುವರು. ಈ ಬಲೂನಿನ ನೆತ್ತಿಯನ್ನು ಒಂದೇ ಸ್ಥಳದಲ್ಲಿ ಹಿಡಿದು ನಿಲ್ಲಿಸುವುದೇ ನೂಲುಗೊಕ್ಕೆಯ ಮುಖ್ಯ ಕರ್ತವ್ಯ. ಅದರೊಡನೆ ಇನ್ನೊಂದು ಸೂಕ್ಷ್ಮವಾದ ಕರ್ತವ್ಯವೂ ಉಂಟು. ಹುರಿಯು ಹುಟ್ಟುವುದು ಕೆಳಗೆ, ಕೊಂಡಿಯ ಬಳಿ. ಅದು ಬೇಕಾಗಿರುವುದು ಮೇಲೆ, ಉರುಳೆಗಳ ಬಾಯಲ್ಲಿ, ಬಿಡಿ ನಾರುಗಳು ಇನ್ನೂ ಒಂದನ್ನೊಂದು ಅಪ್ಪದೆ ಇರುವ ಸ್ಥಳದಲ್ಲಿ. ಹುರಿಯು ನೂಲುಗೊಕ್ಕೆಯನ್ನು ದಾಟಿಯೇ ಅಲ್ಲಿಗೆ ಏರಬೇಕು. ಕೊಕ್ಕೆಯು ನೂಲನ್ನು ಬಿಗಿಯಾಗಿ ಒತ್ತಿದರೆ ಹುರಿ ಕೆಳಗೇ ತಡೆದು ನಿಲ್ಲುವುದು. ಮೇಲಿನ ಎಳೆ ಬಲಹೀನವಾಗಿ ಕಡಿಯುವುದು. ನೂಲು ಹೆಚ್ಚಾಗಿ ಕಡಿಯುವುದು ಈ ಮೇಲ್ಭಾಗದಲ್ಲಿಯೇ ಎಂಬುದು ಗಮನಿಸತಕ್ಕ ವಿಷಯ.

ಇನ್ನು ಸುಧಾರಣೆಗಳ ಮಾತು. ಮೊದಲನೆಯದು ಕೊಕ್ಕೆಯ ಆಕಾರ. ಅದು ಮುಚ್ಚಿದ ಬಳೆಯಾಗಿದ್ದರೆ, ಎಳೆ ಕಡಿದಾಗಲೆಲ್ಲ ಸೂಜಿಗೆ ದಾರ ಪೋಣಿಸುವಂತೆ ಪೋಣಿಸಬೇಕಾಗುತ್ತಿತ್ತು. ಸುರುಳಿಯಾಗಿ ಬಾಗಿಸಿದ್ದರಿಂದ ಎಳೆಯನ್ನು ಪಕ್ಕದಿಂದ ಒಂದೇ ಸರಿತಕ್ಕೆ ಒಳಗೆ ಹಾಕಬಹುದು. ಹಾಕಿದ ಮೇಲೆ ಅದು ತಾನಾಗಿ ಹೊರಬಾರದು. ಕೊಕ್ಕೆಯನ್ನು ಹೊತ್ತ ತುಂಡಿಗೆ ಕೀಲು ಇಟ್ಟಿರುವುದರಿಂದ, ತುಂಬಿದ ಬಾಬಿನ್ನುಗಳನ್ನು ತೆಗೆಯುವಾಗ ಅದನ್ನು ಮೇಲಕ್ಕೆ ಮಡಚಬಹುದು.

ಎರಡನೆಯದು ಸ್ಥಾನ. ಕೊಕ್ಕೆಯ ಕಣ್ಣು ಕದಿರಿನ ತುದಿಗೆ ನೇರವಾಗಿ ಮೇಲೆ ಇರತಕ್ಕದ್ದು. ಅದು ಒಂದು ಪಕ್ಕಕ್ಕೆ ಸರಿದಿದ್ದರೆ ನೂಲಿನ ಎಳೆತವು ಪ್ರತಿಸುತ್ತಿನಲ್ಲಿಯೂ ಒಂದೆಡೆ ಹೆಚ್ಚಿ ಇನ್ನೊಂದೆಡೆ ಕುಗ್ಗುವುದು. ನಿಮಿಷಕ್ಕೆ ೨೦,೦೦೦ ಸಾರಿ ಹೀಗೆ ಜಗ್ಗಿದರೆ ಯಾವ ನೂಲು ತಾಳೀತು? ಆದಕಾರಣ ಮನೆ ಕಟ್ಟುವವರು ತೂಗುಗುಂಡಿನಿಂದ ಗೋಡೆಯನ್ನು ನೋಡುವಂತೆ, ಗಿರಣಿಯ ಮಿಸ್ತ್ರಿಗಳು ಅಳತೆಯ ಸಾಧನವಿಟ್ಟು ಒಂದೊಂದು ಕೊಕ್ಕೆಯನ್ನೂ ಅದರ ಕದಿರಿನ ನೇರಕ್ಕೆ ತರುವರು. ಕೊಕ್ಕೆಯನ್ನು ಹಿಂದೆ ಮುಂದೆ ಸರಿಸಿ ತಿರುಪಿನಿಂದ ಬಿಗಿಯುವ ಏರ್ಪಾಡು ಇದಕ್ಕಾಗಿಯೇ ಬಂದದ್ದು.

ಮೂರನೆಯದು ಬಾಗು ಮತ್ತು ಎತ್ತರ. ಗೂಟಕ್ಕೆ ಹಗ್ಗವನ್ನು ಒಂದೆರಡು ಸುತ್ತು ಹಾಕಿದರೆ ಚಿಕ್ಕ ಹುಡುಗನೂ ಎತ್ತನ್ನು ತಡೆಯಬಲ್ಲನು. ಸುತ್ತು ಹೆಚ್ಚಿದಂತೆ ಘರ್ಷಣೆಯು ಬಹು ಬೇಗ ಬೆಳೆಯುವುದು. ಈ ನಿಯಮವೇ ನೂಲಿಗೂ ಸಲ್ಲುವುದು. ಘರ್ಷಣೆಯ ಗುಣಾಂಕವನ್ನು ೦.೨ ಎಂದು ಹಿಡಿದರೆ, ನೂಲು ಕೊಕ್ಕೆಯಲ್ಲಿ ೩೦ ಡಿಗ್ರಿ ಬಾಗಿದಾಗ ಒಂದು ಕಡೆಯ ಎಳೆತವು ಇನ್ನೊಂದು ಕಡೆಗಿಂತ ನೂರಕ್ಕೆ ೧೧ರಷ್ಟು ಹೆಚ್ಚುವುದು; ೯೦ ಡಿಗ್ರಿ ಬಾಗಿದರೆ ನೂರಕ್ಕೆ ೩೭ರಷ್ಟು. ಹೀಗಿರುವುದರಿಂದ ಎಳೆಯು ಆದಷ್ಟು ಕಡಿಮೆ ಬಾಗುವಂತೆ ಕೊಕ್ಕೆಯನ್ನು ಇಡುವರು. ಎತ್ತರದ ವಿಷಯವೂ ಹಾಗೆಯೇ. ಬಾಬಿನ್ನು ತುಂಬುತ್ತ ಬಂದಂತೆ ಉಂಗುರಗಳ ಸಾಲು ಮೇಲೇರುವುದು. ಕೊಕ್ಕೆಯು ಕದಲದೆ ಇದ್ದರೆ ಬಲೂನು ಮೊದಲು ಮಿತಿಮೀರಿ ಉದ್ದವಾಗಿ ನೆರೆಯ ಕದಿರಿನ ಕಡೆಗೆ ಉಬ್ಬುವುದು, ಕೊನೆಗೆ ಮಿತಿಮೀರಿ ಗಿಡ್ಡವಾಗುವುದು. ಸುಧಾರಿಸಿದ ಯಂತ್ರಗಳಲ್ಲಿ ಕೊಕ್ಕೆಗಳ ಸಾಲೂ ಉಂಗುರಗಳೊಡನೆ ಮೇಲೇರುವುದು. ಬಲೂನನ್ನು ನಡುವೆ ಹಿಡಿಯುವುದಕ್ಕೆ ಇನ್ನೊಂದು ತಂತಿಯ ಬಳೆಯನ್ನೂ ಕೂಡಿಸಿದ್ದಾರೆ.

ನಾಲ್ಕನೆಯದು ಲೋಹ. ಹತ್ತಿಯಷ್ಟು ಮೆತ್ತಗಿನ ವಸ್ತು ಉಕ್ಕನ್ನು ಕೊರೆಯುವುದೆಂದರೆ ಯಾರೂ ನಂಬಲಾರರು. ಆದರೂ ಅದು ನಿಜ. ಭಾವಿಯ ಕಲ್ಲಿನ ಮೇಲೆ ಹಗ್ಗವು ಗುರುತು ಮೂಡಿಸುವಂತೆ, ಹತ್ತಿಯೊಳಗಿನ ಧೂಳೂ ಮರಳಿನ ಕಣವೂ ಸೇರಿ ನೂಲು ಕೊಕ್ಕೆಯ ಒಳಮೈಯಲ್ಲಿ ಸಣ್ಣ ಗಾಡಿಯನ್ನು ತೋಡುವುದು. ಪಾಲಿಯೆಸ್ಟರಿನ ಹೊಳಪನ್ನು ತಗ್ಗಿಸುವುದಕ್ಕೆ ಬೆರೆಸುವ ಟೈಟೇನಿಯಂ ಡೈಆಕ್ಸೈಡು ಇದಕ್ಕಿಂತಲೂ ಚೂಪಾಗಿ ಸವೆಸುವುದು. ಗಾಡಿ ಬಿದ್ದ ಕೊಕ್ಕೆಯು ನಾರನ್ನು ಕೆರೆಯುವುದು, ನೂಲಿಗೆ ಜುಂಗು ಏಳಿಸುವುದು, ಹುರಿಯನ್ನು ತಡೆಯುವುದು. ಆದ್ದರಿಂದ ಹದಗೊಳಿಸಿದ ಉಕ್ಕು, ಅದರ ಮೇಲೆ ಗಟ್ಟಿ ಲೇಪ, ಬಳಿಕ ಪಿಂಗಾಣಿಯ ಜಾತಿಯ ಅಲ್ಯೂಮಿನಾ ಹೀಗೆ ಒಂದಕ್ಕಿಂತ ಒಂದು ಗಟ್ಟಿಯಾದ ಪದಾರ್ಥಗಳು ಬಂದುವು. ಇದರಲ್ಲೊಂದು ವಿಚಿತ್ರವೂ ಉಂಟು. ಕೃತಕ ನಾರಿನ ನುಣುಪಾದ ಎಳೆಗಳಿಗೆ ಕನ್ನಡಿಯಂತೆ ಹೊಳೆಯುವ ಕೊಕ್ಕೆಗಿಂತ ಮಸುಕಾಗಿ ಮಾಡಿದ ಕೊಕ್ಕೆಯೇ ಮೇಲು. ಮೇಲ್ಮೈ ಸೂಕ್ಷ್ಮವಾಗಿ ಏರುತಗ್ಗಾಗಿದ್ದರೆ ಎಳೆಯು ಅದಕ್ಕೆ ತಗಲುವ ಸ್ಥಳ ಕಡಿಮೆಯಾಗಿ ಘರ್ಷಣೆಯೂ ತಗ್ಗುವುದು.

ಇಷ್ಟೆಲ್ಲ ವಿಚಾರವು ಯಾರಿಗಾಗಿ ಎಂದು ಕೇಳಬಹುದು. ಕಡಿದ ಎಳೆಯನ್ನು ಕೂಡಿಸುವ ಕೆಲಸಗಾರರಿಗಾಗಿ ಎಂಬುದೇ ನಮ್ಮ ಉತ್ತರ. ಒಬ್ಬಾಕೆಯ ವಶದಲ್ಲಿ ೨,೦೦೦ ಕದಿರುಗಳಿವೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ ಸಾವಿರ ಕದಿರಿಗೆ ೧೦ ಎಳೆ ಕಡಿದರೆ ಆಕೆ ೨೦ ಸಾರಿ ಕೂಡಿಸಬೇಕು, ಮೂರು ನಿಮಿಷಕ್ಕೊಂದು. ಅದೇ ೫೦ ಕಡಿದರೆ ನೂರು ಸಾರಿ. ಒಂದು ನಿಮಿಷವೂ ಬಿಡುವಿಲ್ಲದ ಓಡಾಟ. ಕಡಿತ ಹೆಚ್ಚಿದಂತೆ ಗಾಳಿಯಲ್ಲಿ ಹತ್ತಿಯ ಜುಂಗೂ ಹೆಚ್ಚುವುದು. ಹತ್ತಿಯ ಧೂಳು ಬಹುಕಾಲ ಒಳಹೋದವರಿಗೆ ಎದೆ ಬಿಗಿದು ಉಸಿರು ಕಟ್ಟುವ ಬಿಸಿನೋಸಿಸ್ ಎಂಬ ರೋಗ ಬರುವುದು. ನಮ್ಮ ದೇಶದ ಗಿರಣಿಗಳಲ್ಲಿ ಹಿಂದೆ ಹೆಂಗಸರ ಪಾಲಿಗೆ ಹೆಚ್ಚಾಗಿ ನೂಲು ಸುತ್ತುವ ಮತ್ತು ಲಡಿ ಮಾಡುವ ಕೆಲಸ ಬಂದಿತ್ತು. ಈಗ ತಮಿಳುನಾಡಿನ ಅನೇಕ ಗಿರಣಿಗಳಲ್ಲಿ ರಿಂಗ್ ಯಂತ್ರದ ಮುಂದೆ ನಿಲ್ಲುವವರೂ ಎಳೆಯ ಪ್ರಾಯದ ಹುಡುಗಿಯರೇ. ಕೆಲಸ ಕೆಟ್ಟಿತೆಂದು ಕೂಲಿಯಲ್ಲಿ ದಂಡ ಹಿಡಿಯುವ ಪದ್ಧತಿ ಒಂದು ಕಾಲದಲ್ಲಿ ಎಷ್ಟು ಹರಡಿತ್ತೆಂದರೆ, ಅದಕ್ಕೆ ಮಿತಿ ಹಾಕಲು ೧೯೩೬ರ ವೇತನ ಪಾವತಿಯ ಕಾಯಿದೆಯೇ ಬೇಕಾಯಿತು. ಸವೆದ ಕೊಕ್ಕೆಯ ತಪ್ಪಿಗೆ ಕೆಲಸದವಳ ಕೂಲಿ ಕಡಿದರೆ ಅದು ನ್ಯಾಯವಲ್ಲ. ಕೊಕ್ಕೆಯನ್ನು ಪರೀಕ್ಷಿಸಬಲ್ಲವರು ಇದ್ದಲ್ಲಿ ಮಾತ್ರ ಆ ಅನ್ಯಾಯ ತಪ್ಪುವುದು.

ಮಗಳಿಗೆ ಭೌತಶಾಸ್ತ್ರವೇಕೆ, ಹೊಲಿಗೆ ಸಾಲದೇ ಎಂದು ವಿಚಾರಿಸುವ ತಾಯ್ತಂದೆಗಳಿಗೆ ನಾವು ಅರಿಕೆ ಮಾಡುವುದಿಷ್ಟೆ: ಹೊಲಿಗೆಯಲ್ಲಿಯೂ ಇದೇ ಶಾಸ್ತ್ರ ಅಡಗಿದೆ. ಮನೆಯ ಹೊಲಿಗೆಯ ಯಂತ್ರದಲ್ಲಿ ದಾರವು ಸೂಜಿಗೆ ಮುಟ್ಟುವ ಮೊದಲು ಹಲವು ಸಣ್ಣ ಕೊಕ್ಕೆಗಳಲ್ಲಿ ಹಾದುಬರುವುದು. ದಾರ ಪದೇ ಪದೇ ಕಡಿಯುತ್ತಿದ್ದರೆ, ಅಂಗಡಿಯವನನ್ನೂ ಮಗಳನ್ನೂ ಗದರಿಸುವ ಮುನ್ನ ಒಂದು ಚೂರು ಹತ್ತಿಯನ್ನು ಆ ಕೊಕ್ಕೆಗಳ ಒಳಮೈಗೂ ಸೂಜಿ ಇಳಿಯುವ ತಟ್ಟೆಯ ತೂತಿನ ಅಂಚಿಗೂ ಮೆಲ್ಲಗೆ ಸವರಿ ನೋಡಿರಿ. ಹತ್ತಿಯ ನಾರು ಎಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲಿ ಒರಟು ಬಂದಿದೆ. ಅಲ್ಪವಾಗಿದ್ದರೆ ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ ಸರಿಮಾಡಬಹುದು. ಗಾಡಿ ಆಳವಾಗಿದ್ದರೆ ಆ ಭಾಗವನ್ನೇ ಬದಲಾಯಿಸತಕ್ಕದ್ದು. ಸೂಜಿಯ ಕಣ್ಣು ಒರಟಾಗಿದ್ದರೆ ಹೊಸ ಸೂಜಿ ಹಾಕುವುದೇ ಲೇಸು. ಗಿರಣಿಗಳಲ್ಲಿಯೂ ಹೊಲಿಗೆಯ ಕಾರ್ಖಾನೆಗಳಲ್ಲಿಯೂ ಇತರರ ಕೆಲಸವನ್ನು ನೋಡಿಕೊಳ್ಳುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ತಮ್ಮ ಕೈಕೆಳಗಿನವರ ಎಳೆ ಕಡಿದಾಗ ಮೊದಲು ಕೊಕ್ಕೆಯನ್ನು ನೋಡಿ, ಆಮೇಲೆ ಕೈಯನ್ನು ನೋಡುವರೆಂದು ನಾವು ನಂಬಿದ್ದೇವೆ.