ಬೆಳೆಗಳಲ್ಲಿ ಗಂಡು ಬಂಜೆತನ ಮತ್ತು ಸಂಕರಣ ಬೀಜೋತ್ಪಾದನೆ

ಭತ್ತದ ಒಂದೇ ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇರುವುದರಿಂದ ಅದು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಎರಡು ತಳಿಗಳನ್ನು ಸಂಕರಗೊಳಿಸಲು ತಾಯಿ ಗಿಡದ ಪ್ರತಿ ಹೂವಿನಿಂದಲೂ ಪರಾಗಕೋಶಗಳನ್ನು ಕೈಯಿಂದ ತೆಗೆಯಬೇಕು. ಎಕರೆಗಟ್ಟಲೆ ಬೀಜೋತ್ಪಾದನೆಯಲ್ಲಿ ಇದು ಆಗದ ಮಾತು. ಆದುದರಿಂದ ಫಲವತ್ತಾದ ಪರಾಗ ನೀಡದ, ಆದರೆ ಬೇರೆ ಪರಾಗ ದೊರೆತಲ್ಲಿ ಕಾಳು ಕಟ್ಟಬಲ್ಲ ತಾಯಿ ಸಾಲುಗಳನ್ನು ಬಳಸಲಾಗುತ್ತದೆ.

ಈ ಗುಣದ ಮೂಲ ಮೈಟೋಕಾಂಡ್ರಿಯಾದಲ್ಲಿದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಕಣಗಳು ತಮ್ಮದೇ ಆದ ಡಿ.ಎನ್.ಎ. ಹೊಂದಿದ್ದು, ಬಹುತೇಕ ಬೆಳೆಗಳಲ್ಲಿ ತಾಯಿಯಿಂದ ಮಾತ್ರ ಸಂತತಿಗೆ ಬರುತ್ತವೆ. ಸಸ್ಯಗಳಲ್ಲಿ ಈ ಡಿ.ಎನ್.ಎ. ತುಂಡಾಗಿ ಮರುಜೋಡಣೆಗೊಳ್ಳುವಾಗ ಹಳೆಯ ವಂಶವಾಹಿಗಳ ಚೂರುಗಳು ಸೇರಿ ಹೊಸದೊಂದು ಉಂಟಾಗುವುದುಂಟು. ಅದರ ಪ್ರೋಟೀನು ಪರಾಗ ಬೆಳೆಯುವ ಹಂತವನ್ನು ಕೆಡಿಸುತ್ತದೆ. ಎಲೆ, ಬೇರು, ಅಂಡಾಶಯಗಳಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಈ ದೋಷವನ್ನು ತಡೆಯುವ ಪುನಃಸ್ಥಾಪಕ ವಂಶವಾಹಿಗಳು ಕೋಶಕೇಂದ್ರದಲ್ಲಿರುತ್ತವೆ. ಅವುಗಳನ್ನು ಹೊಂದಿದ ತಂದೆ ಸಾಲನ್ನು ಬಳಸಿದಾಗ ರೈತರ ಗದ್ದೆಯಲ್ಲಿ ಬೆಳೆ ಸಹಜವಾಗಿಯೇ ಕಾಳು ಕಟ್ಟುತ್ತದೆ.

1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ದೊರೆತ ಕಾಡು ಭತ್ತದ ಒಂದು ಗಿಡದಿಂದ ಇಂತಹ ಬಂಜೆತನವನ್ನು ಪಡೆಯಲಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಅಭಿವೃದ್ಧಿಪಡಿಸಲಾದ ಕೆ.ಆರ್.ಎಚ್.-2 ಸಂಕರಣ ಭತ್ತದ ತಾಯಿ ಸಾಲು ಐ.ಆರ್. 58025ಎ ಸಹ ಇದೇ ಮೂಲದ್ದಾಗಿದೆ.

ಒಂದೇ ಮೂಲವನ್ನು ಅತಿಯಾಗಿ ಅವಲಂಬಿಸುವುದು ಎಷ್ಟು ಅಪಾಯಕರವೆಂಬುದು ಅದೇ ವರ್ಷ ಅಮೆರಿಕದಲ್ಲಿ ಕಂಡುಬಂದಿತು. ಅಲ್ಲಿನ ಮೆಕ್ಕೆಜೋಳದ ಶೇ. 80ಕ್ಕೂ ಹೆಚ್ಚು ಭಾಗ 'ಟೆಕ್ಸಾಸ್' ಎಂಬ ಒಂದೇ ಕೋಶದ್ರವ್ಯವನ್ನು ಹೊಂದಿತ್ತು. ಎಲೆ ಅಂಗಮಾರಿ ಶಿಲೀಂಧ್ರದ ಒಂದು ಪ್ರಭೇದ ಹಬ್ಬಿ ಸುಮಾರು ಶೇ. 15ರಷ್ಟು ಫಸಲು ನಾಶವಾಯಿತು. ಪರಾಗವನ್ನು ಕೆಡಿಸುವ ಮೈಟೋಕಾಂಡ್ರಿಯಾ ಪ್ರೋಟೀನಿಗೇ ಶಿಲೀಂಧ್ರದ ವಿಷ ಅಂಟಿಕೊಂಡು ಪೊರೆಯಲ್ಲಿ ರಂಧ್ರ ಮಾಡುತ್ತಿದ್ದುದು ಅನಂತರದ ಸಂಶೋಧನೆಗಳಿಂದ ತಿಳಿಯಿತು. ಬೀಜೋತ್ಪಾದಕರು ಜಲ್ಲೆ ಕೀಳುವ ಹಳೆಯ ಪದ್ಧತಿಗೇ ಮರಳಬೇಕಾಯಿತು. ಬೆಂಗಳೂರಿನಲ್ಲಿ ಅಭಿವೃದ್ಧಿಗೊಂಡು 1980ರಲ್ಲಿ ಬಿಡುಗಡೆಯಾದ ಬಿ.ಎಸ್.ಎಚ್.-1 ಮೊದಲ್ಗೊಂಡು ಸೂರ್ಯಕಾಂತಿಯ ಬಹುತೇಕ ವಾಣಿಜ್ಯ ಸಂಕರಣಗಳೂ ಒಂದೇ ಕೋಶದ್ರವ್ಯವನ್ನು ಆಧರಿಸಿವೆ. ಆ ಬೆಳೆಯಲ್ಲಿ ಅಂತಹ ವಿಪತ್ತು ಸಂಭವಿಸಿಲ್ಲವಾದರೂ ಪರ್ಯಾಯ ಮೂಲಗಳ ಶೋಧ ಅನಗತ್ಯವೆನ್ನಲಾಗದು.

ಸಂಕರಣ ಭತ್ತದ ಫಸಲಿನಿಂದಲೇ ಬೀಜ ಉಳಿಸಿಕೊಂಡು ಬಿತ್ತಿದಲ್ಲಿ ಪುನಃಸ್ಥಾಪಕ ವಂಶವಾಹಿಗಳು ಎಲ್ಲ ಗಿಡಗಳಿಗೂ ದೊರೆಯುವುದಿಲ್ಲ. ಅವು ದೊರೆಯದ ಗಿಡಗಳ ತೆನೆಗಳಲ್ಲಿ ಹೆಚ್ಚಿನವು ಜೊಳ್ಳಾಗುತ್ತವೆ. ಆದ್ದರಿಂದ ರೈತ ಬಾಂಧವರು ಪ್ರತಿ ಹಂಗಾಮಿಗೂ ಹೊಸ ಬೀಜವನ್ನೇ ಕೊಳ್ಳಬೇಕಾಗುತ್ತದೆ.