ಒಂದೇ ಕೀಲಿಕೈ ಎಲ್ಲಾ ಬಾಗಿಲಿಗೂ ಬೇಡ



‘ವೆಬ್‌ಸೈಟ್ ಹ್ಯಾಕ್ ಮಾಡಿದ್ರಂತೆ’ ಎಂಬ ಮಾತು ಟಿ.ವಿ.ಯಲ್ಲಿ ಆಗಾಗ ಕೇಳುತ್ತೇವೆ. ಹೀಗೆ ಮಾಡುವವರೆಲ್ಲ ಹಣಕ್ಕಾಗಿಯೇ ಮಾಡುವುದಿಲ್ಲ. ಪ್ರತಿಭಟನೆಗಾಗಿ ಕಂಪ್ಯೂಟರ್ ಮೂಲಕ ದಾಳಿ ಮಾಡುವ ಗುಂಪುಗಳೂ ಇವೆ. ಅವರನ್ನು ಹ್ಯಾಕ್ಟಿವಿಸ್ಟರು ಅಂತಾರೆ. ‘ಅನಾನಿಮಸ್’, ಅಂದರೆ ‘ಹೆಸರಿಲ್ಲದವರು’, ಇಂಥದೊಂದು ಗುಂಪು. ಇವರ ದಾಳಿಯಲ್ಲಿ ಮುಖ್ಯವಾಗಿ ಎರಡು ಬಗೆ.

ದಾರಿ ಕಟ್ಟುವುದು: ಬ್ಯಾಂಕಿನ ಕೌಂಟರ್ ಮುಂದೆ ಕೆಲಸವಿಲ್ಲದ ಸಾವಿರ ಜನ ನಿಂತರೆ ನಮ್ಮ ಸರದಿ ಬರುತ್ತದೆಯೇ? ಹಾಗೆಯೇ ಒಂದು ವೆಬ್‌ಸೈಟಿಗೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಕೋರಿಕೆ ಕಳಿಸಿ ಅದನ್ನು ನಿಲ್ಲಿಸುತ್ತಾರೆ. ವಿಕಿಲೀಕ್ಸ್‌ಗೆ ದೇಣಿಗೆ ಹೋಗುವುದನ್ನು ತಡೆದರೆಂದು 2010ರ ಡಿಸೆಂಬರಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ವೆಬ್‌ಸೈಟುಗಳಿಗೆ ಹೀಗೇ ಮಾಡಿದರು.

ಒಳಗೆ ನುಗ್ಗುವುದು: ಎಚ್‌ಬಿಗ್ಯಾರಿ ಫೆಡರಲ್ ಎಂಬುದು ಅಮೆರಿಕದ ಕಂಪನಿ. ಕಂಪ್ಯೂಟರ್ ರಕ್ಷಣೆಯೇ ಅದರ ಕೆಲಸ! ಅನಾನಿಮಸ್ ಗುಂಪಿನ ನಾಯಕರನ್ನು ಪತ್ತೆ ಮಾಡಿದ್ದೇನೆ ಎಂದು ಅದರ ಮುಖ್ಯಸ್ಥರು ಹೇಳಿಕೊಂಡರು. 2011ರ ಫೆಬ್ರವರಿಯಲ್ಲಿ ಗುಂಪು ಅವರ ಮೇಲೆಯೇ ತಿರುಗಿಬಿತ್ತು.

ಹೇಗೆ? ವೆಬ್‌ಸೈಟಿಗೆ ಕಳಿಸುವ ವಿವರದ ಜೊತೆಗೆ ಕಂಪ್ಯೂಟರಿಗೆ ಒಂದು ಆಜ್ಞೆಯನ್ನೂ ಸೇರಿಸಿದರು. ವೆಬ್‌ಸೈಟ್ ಪರೀಕ್ಷಿಸದೆ ಪಾಲಿಸಿ, ಪಾಸ್‌ವರ್ಡುಗಳ ಪಟ್ಟಿಯನ್ನು ಕೊಟ್ಟಿತು. ಸಾಲದ ಅರ್ಜಿಯಲ್ಲಿ ಯಾರೋ ‘ಪೆಟ್ಟಿಗೆಯ ಹಣವೆಲ್ಲ ಕೊಡಿ’ ಅಂತ ಬರೆದರೆ ಖಜಾಂಚಿ ಕೊಟ್ಟುಬಿಟ್ಟ ಹಾಗೆ! ಪಟ್ಟಿ ಗುಪ್ತ ರೂಪದಲ್ಲಿದ್ದರೂ ಪಾಸ್‌ವರ್ಡುಗಳು ಸುಲಭವಾಗಿದ್ದವು, ಬೇಗ ಒಡೆದವು. ಮುಖ್ಯಸ್ಥರು ಇ-ಮೇಲಿಗೂ ಅದೇ ಪಾಸ್‌ವರ್ಡ್ ಇಟ್ಟಿದ್ದರು. ಆಮೇಲೆ ಇನ್ನೊಬ್ಬ ಅಧಿಕಾರಿಯ ಇ-ಮೇಲಿನಿಂದಲೇ, ಪರದೇಶದಲ್ಲಿದ್ದೇನೆ, ಪಾಸ್‌ವರ್ಡ್ ಬದಲಿಸಿಕೊಡಿ ಅಂತ ಬರೆದರು. ಓದಿದವರು ನಂಬಿ ಕೊಟ್ಟರು. ಹತ್ತಾರು ಸಾವಿರ ಇ-ಮೇಲ್‌ಗಳು ಬೀದಿಗೆ ಬಂದವು; ಮುಖ್ಯಸ್ಥರು ಅದೇ ತಿಂಗಳು ರಾಜೀನಾಮೆ ಕೊಟ್ಟರು.

ವೆಬ್‌ಸೈಟ್ ನಡೆಸುವವರು ಬಂದ ಪ್ರತಿಯೊಂದು ವಿವರವನ್ನೂ ಪರೀಕ್ಷಿಸಬೇಕು, ಹಳೆಯ ತಂತ್ರಾಂಶವನ್ನು ಆಗಾಗ ಹೊಸದು ಮಾಡಬೇಕು, ಸುಳ್ಳು ಕೋರಿಕೆಗಳನ್ನು ಸೋಸುವ ವ್ಯವಸ್ಥೆ ಇಡಬೇಕು. ಅದು ಅವರ ಹೊಣೆ. ನಮ್ಮ ಉಳಿತಾಯದ ಲೆಕ್ಕವೂ ಈಗ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇದೆ. ಆದ್ದರಿಂದ ನಮ್ಮ ಹೊಣೆಯೂ ಇದೆ:

1. ಫೋನಿಗೆ, ಎ.ಟಿ.ಎಂ.ಗೆ, ಹಣ ಕಳಿಸುವ ಆ್ಯಪಿಗೆ ಬೇರೆ ಬೇರೆ ಪಿನ್ ಇಡೋಣ. ಹುಟ್ಟಿದ ವರ್ಷ ಬೇಡ.
2. ಪರಿಚಯದವರ ಹೆಸರಿನಿಂದ ‘ಅರ್ಜೆಂಟ್ ಹಣ ಕಳಿಸಿ’ ಅಂತ ಬಂದರೆ, ಮೊದಲು ಅವರಿಗೇ ಫೋನ್ ಮಾಡಿ ಕೇಳೋಣ.
3. ಓ.ಟಿ.ಪಿ., ಪಿನ್ ಯಾರಿಗೂ ಹೇಳುವುದು ಬೇಡ, ಬ್ಯಾಂಕಿನವರು ಅಂದರೂ ಸರಿ.
4. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸೋಣ. ನಾಚಿಕೆಯಿಂದ ತಡ ಮಾಡಿದರೆ ಹಣ ಕೈತಪ್ಪುತ್ತದೆ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಓದು ಬಾರದ ಸದಸ್ಯೆಯರಿಗೆ ಬಿಡಿಸಿ ಹೇಳಿ. ಪಿನ್ ಬದಲಿಸಲು ಅವರಿಗೆ ಸಹಾಯ ಮಾಡಿ. ಆದರೆ ಅಂಕಿ ಒತ್ತುವಾಗ ಮುಖ ಆಚೆ ತಿರುಗಿಸಿ!