ಕಾಳಿ ಅಳಿವೆಯ ಸಂಜೆ ದೋಣಿ

ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದೆ ಸೂರ್ಯ ಮುಳುಗಿದ ಮೇಲೂ ಕಾರವಾರದಲ್ಲಿ ಹೆಚ್ಚುಕಡಿಮೆ ಕಾಲು ಗಂಟೆ ಬಿಸಿಲು ಉಳಿದಿರುತ್ತದೆ. ಆ ಊರು ಪಶ್ಚಿಮಕ್ಕೆ ಅಷ್ಟು ಸರಿದಿದೆ. ಆ ಬಿಸಿಲಿಗಾಗಿ ಬೆಂಗಳೂರಿನಿಂದ ಹೋಗುವುದು ಈಗ ಕಷ್ಟವೇನಲ್ಲ. ಶುಕ್ರವಾರ ನೇರಳೆ ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ ತಲುಪಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಬಹುದು. ಪೀಣ್ಯದವರಿಗೆ ಯಶವಂತಪುರವೇ ಹತ್ತಿರ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನ ನೆಪ ಉಳಿದಿಲ್ಲ. ರೈಲು ಸಂಜೆಯೇ ಹೊರಡುವುದರಿಂದ ಆಫೀಸು ಮಾತ್ರ ಬೇಗ ಬಿಡಬೇಕು.

ಕಾರವಾರದಲ್ಲಿ ದೋಣಿ ಹತ್ತುವ ಬಹುತೇಕರು ನೇರ ಕಡಲಿಗೇ ಹೋಗಬೇಕೆನ್ನುತ್ತಾರೆ. ಕೂರ್ಮಗಡ ದ್ವೀಪ, ದೇವಗಡದ ದೀಪಸ್ತಂಭ, ಅದೃಷ್ಟವಿದ್ದರೆ ಡಾಲ್ಫಿನ್ನು ಎಲ್ಲ ಆ ಕಡೆಗೇ ಇವೆ. ನನ್ನ ಮತ ಮಾತ್ರ ಅಳಿವೆಗೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ ಬಂದ ಕಾಳಿ ಇಲ್ಲಿ ಅಗಲವಾಗಿ ಹರಡಿ ಕಡಲು ಸೇರುತ್ತದೆ. ತೆಂಕಣ ದಡದಲ್ಲಿ ಕೋಡಿಬಾಗ, ಬಡಗಣದಲ್ಲಿ ಸದಾಶಿವಗಡದ ಗುಡ್ಡ, ಒಳಕ್ಕೆ ಹೋದಂತೆ ಕಾಂಡ್ಲಾ ಗಿಡಗಳ ಹಸಿರು. 2024ರ ಆಗಸ್ಟ್ 7ರ ನಸುಕಿನಲ್ಲಿ ಹೆದ್ದಾರಿಯ ಹಳೆಯ ಸೇತುವೆ ಕುಸಿದು ಬಿದ್ದದ್ದೂ ಇದೇ ನೀರಿಗೆ.

ಸಂಜೆಯ ಈ ಪಯಣದಲ್ಲಿ ದೋಣಿಯವನಿಗಿಂತ ನೀರಿನ ಯಜಮಾನಿಕೆಯೇ ಹೆಚ್ಚು. ಮಧ್ಯಾಹ್ನದ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಅದೇ ಹೊತ್ತಿಗೆ ಇಳಿತವಿದ್ದರೆ ಕಡಲಿನತ್ತ ಓಡುವ ಹೊಳೆ ಎದುರುಗಾಳಿಗೆ ಸಿಕ್ಕಿ ಅಳಿವೆಯ ಬಾಯಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ದೋಣಿ ಕುಲುಕಿ ಕೂತವರ ಹೊಟ್ಟೆ ತೊಳಸುತ್ತದೆ. ಉಬ್ಬರವಿದ್ದರೆ ಗಾಳಿ, ನೀರು ಎರಡೂ ಒಂದೇ ದಿಕ್ಕಿಗೆ. ಆದ್ದರಿಂದ ದರ ಕೇಳುವ ಮೊದಲು ಇವತ್ತು ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳುವುದು ಜಾಣತನ.

ಈ ವಿಹಾರಕ್ಕೆ ದೊಡ್ಡ ಸಾಕ್ಷಿ ರವೀಂದ್ರನಾಥ ಟಾಗೋರರದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಈ ತರುಣ ಬಂದು ಉಳಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಒಂದು ಸಂಜೆ ಹಾಯಿದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಗುಡ್ಡದ ಕೋಟೆಯೊಂದರ ಬಳಿ ಇಳಿದು, ರೈತನ ಮನೆಯಂಗಳದಲ್ಲಿ ಕೂತು, ಬೆಳದಿಂಗಳಲ್ಲಿ ಹರಿವಿನೊಡನೆ ಮರಳಿದ್ದನ್ನು ಅವರು ನೆನಪುಗಳಲ್ಲಿ ಬರೆದಿದ್ದಾರೆ. ಕೋಟೆಯನ್ನು ಶಿವಾಜಿಯದೆಂದು ಅವರು ಕರೆದರು. ಅದು ಸದಾಶಿವಗಡವೇ ಆಗಿದ್ದರೆ, ಕಟ್ಟಿಸಿದ್ದು ಸೋದೆಯ ಅರಸರು. ಅಳಿವೆಯ ಬಾಯಲ್ಲಿ ಇಳಿದವರು ಮನೆಗೆ ಮರಳಿನ ಮೇಲೆಯೇ ನಡೆದರಂತೆ. ಆ ಕಡಲತೀರಕ್ಕೆ ಈಗ ಅವರದೇ ಹೆಸರಿದೆ.

ಅವರು ಕಂಡ ಇರುಳು ನಮಗೆ ಸಿಗುವುದಿಲ್ಲ. ಕತ್ತಲಾಗುವ ಮುನ್ನ ಪ್ರವಾಸಿಗರ ದೋಣಿ ದಡ ಸೇರಬೇಕು, ಸೇರಲಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ದೋಣಿಯಲ್ಲಿ ಜನ ಮಿತಿಮೀರಿತ್ತು. ಲೈಫ್ ಜಾಕೆಟ್ಟನ್ನು ಸೀಟಿನಡಿ ತಳ್ಳಿ ಸೆಲ್ಫಿಗೆ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಬೆಳದಿಂಗಳ ಆಸೆ ಬಿಡದವರಿಗೆ ಒಂದು ಉಪಾಯವಿದೆ. ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೇ. ಸಹ್ಯಾದ್ರಿಯ ಗುಡ್ಡಗಳನ್ನು ಏರಿ ಬರಲು ಅವನಿಗೆ ಒಂದಿಷ್ಟು ತಡವಾಗುತ್ತದೆ, ಅಷ್ಟೆ. ದಡಕ್ಕೆ ಬಂದು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಸಿಗುತ್ತಾನೆ. ಹುಣ್ಣಿಮೆಗೆ ಉಬ್ಬರ-ಇಳಿತದ ಸೆಳೆತವೂ ಜೋರು, ದೋಣಿಯವನು ಬೇಡವೆಂದರೆ ಚೌಕಾಸಿ ಬೇಡ. ಡಿಸೆಂಬರಿನಲ್ಲಾದರೆ ಆರರ ಆಸುಪಾಸಿಗೆ ಸೂರ್ಯಾಸ್ತ, ಮೇ ತಿಂಗಳಲ್ಲಿ ಏಳರ ಹತ್ತಿರ. ಒಂದು ತಾಸು ಮುಂಚೆ ದೋಣಿ ಹತ್ತಿದರೆ ಸಾಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ದೋಣಿಗಳು ದಡ ಹತ್ತುತ್ತವೆ, ಆಮೇಲೆ ಟಿಕೆಟ್ ಮಾಡಿಸಿ ಫಲವಿಲ್ಲ.